ಊರಂಚಿನ ಹುಲ್ಲುಗಾವಲು ಪಾಳುಭೂಮಿಯಲ್ಲ



ಪಟ್ಟಣವು ಬೆಳೆಯುತ್ತ ಬಂದು ನಿಮ್ಮ ಊರಿನ ಎಲ್ಲೆಯನ್ನು ಮುಟ್ಟಿದಾಗ ಮೊದಲು ಯಾವ ಭೂಮಿಯ ಮೇಲೆ ಕಣ್ಣು ಬೀಳುತ್ತದೆ? ರಾಗಿ ನಿಂತ ಹೊಲದ ಮೇಲಲ್ಲ, ತೆಂಗಿನ ತೋಟದ ಮೇಲೂ ಅಲ್ಲ. ಅವುಗಳಿಗೆ ಒಡೆಯರಿದ್ದಾರೆ, ಬೆಲೆ ಕೇಳುತ್ತಾರೆ. ಊರ ಹೊರಗೆ ಮರವಿಲ್ಲದೆ, ಬೆಳೆಯಿಲ್ಲದೆ, ಬೇಸಗೆಯಲ್ಲಿ ಕಂದು ಬಣ್ಣಕ್ಕೆ ತಿರುಗಿ ಮಲಗಿರುವ ಗೋಮಾಳದ ಮೇಲೆ, ಕಾವಲಿನ ಮೇಲೆ ಮೊದಲ ಕಣ್ಣು ಬೀಳುತ್ತದೆ. “ಇದು ಪಾಳುಭೂಮಿ, ಯಾರಿಗೂ ಉಪಯೋಗವಿಲ್ಲ, ಇಲ್ಲಿ ಏನನ್ನಾದರೂ ಕಟ್ಟಬಹುದು” ಎಂದು ಬಂದವರು ಹೇಳುತ್ತಾರೆ. ಕೆಲವು ವೇಳೆ ನಾವೂ ಹೌದೆಂದು ತಲೆಯಾಡಿಸುತ್ತೇವೆ.

ಆ ಭೂಮಿ ನಿಜವಾಗಿಯೂ ಪಾಳೆ? ಪಾಳಲ್ಲವಾದರೆ ಪಟ್ಟಣದ ಬೆಳವಣಿಗೆಗೂ ಅದಕ್ಕೂ ಹೊಂದಿಕೆ ಮಾಡುವುದು ಹೇಗೆ? ಊರಿನವರಾದ ನಾವು ಮಾಡತಕ್ಕದ್ದೇನು? ಈ ಮೂರು ಪ್ರಶ್ನೆಗಳೇ ಇಂದಿನ ಪಾಠ.

ಪಾಳು ಎಂಬ ಹೆಸರು ಬಂದ ಬಗೆ

ನಮ್ಮ ಹಿರಿಯರು ಹುಲ್ಲುಗಾವಲನ್ನು ಪಾಳೆಂದು ಕರೆಯಲಿಲ್ಲ. “ಕಾವಲು” ಎಂಬ ಹೆಸರೇ ಅದನ್ನು ಕಾಯುತ್ತಿದ್ದರೆಂಬುದಕ್ಕೆ ಸಾಕ್ಷಿ. ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಅರಮನೆಯ ದನಗಳಿಗಾಗಿ “ಬೆಣ್ಣೆ ಚಾವಡಿ” ಎಂಬ ಇಲಾಖೆಯಿತ್ತು. ಮುಂದೆ ಟಿಪ್ಪು ಸುಲ್ತಾನನು ಅದಕ್ಕೆ “ಅಮೃತ ಮಹಲ್” ಎಂಬ ಹೆಸರನ್ನಿಟ್ಟನು. ಆ ತಳಿಯ ಎತ್ತುಗಳು ಫಿರಂಗಿ ಎಳೆಯುವುದಕ್ಕೂ ದೂರ ನಡೆಯುವುದಕ್ಕೂ ಹೆಸರಾದುವು. ಅವುಗಳ ಮೇವಿಗಾಗಿ ಸಂಸ್ಥಾನದ ಉದ್ದಗಲಕ್ಕೂ ಕಾವಲುಗಳನ್ನು ಬಿಟ್ಟಿದ್ದರು. ಬೇಸಗೆಯ ಕಾವಲು, ಮಳೆಗಾಲದ ಕಾವಲು, ಚಳಿಗಾಲದ ಕಾವಲು ಎಂದು ವಿಂಗಡಿಸಿ, ದನಗಳನ್ನು ಋತುವಿಗೆ ತಕ್ಕಂತೆ ಒಂದರಿಂದ ಇನ್ನೊಂದಕ್ಕೆ ನಡೆಸುತ್ತಿದ್ದರು. ಒಂದು ಕಾವಲು ಮೇಯುವಾಗ ಇನ್ನೊಂದು ಚೇತರಿಸಿಕೊಳ್ಳುತ್ತಿತ್ತು. ಇದು ಯೋಚಿಸಿ ಮಾಡಿದ ಏರ್ಪಾಡು.

ಭೂಮಿಯನ್ನು ಕಂದಾಯದ ಲೆಕ್ಕದಿಂದ ಮಾತ್ರ ಅಳೆಯಲು ತೊಡಗಿದಾಗ ಮಾತು ಬದಲಾಯಿತು. ಕಂದಾಯ ಕೊಡುವುದು ಸಾಗುವಳಿಯ ಭೂಮಿ. ಮರ ಕೊಡುವುದು ಕಾಡು. ಎರಡೂ ಅಲ್ಲದ್ದು ಪಾಳು. ಇಂದಿಗೂ ದೇಶದ ಪಾಳುಭೂಮಿಯ ನಕ್ಷೆಗಳಲ್ಲಿ ಹುಲ್ಲುಗಾವಲುಗಳ ಬಹುಭಾಗ ಇದೇ ಪಟ್ಟಿಯಲ್ಲಿ ಸೇರಿದೆ. ಹೆಸರು ಕೆಟ್ಟರೆ ವಸ್ತುವಿನ ಬೆಲೆಯೂ ಕೆಡುತ್ತದೆ. ಪಾಳೆಂದ ಮೇಲೆ ಅದರ ಮೇಲೆ ಕಸ ಸುರಿಯುವುದು ತಪ್ಪೆನಿಸುವುದಿಲ್ಲ, ಮಣ್ಣು ಅಗೆದು ಸಾಗಿಸುವುದೂ ತಪ್ಪೆನಿಸುವುದಿಲ್ಲ.

ಹುಲ್ಲು ಮಾಡುವ ಕೆಲಸ

ಮೊದಲನೆಯದು ಮೇವು. ಒಂದು ಲೆಕ್ಕ ಹಾಕೋಣ. ನಿಮ್ಮ ಊರಿನಲ್ಲಿ 100 ದನಗಳಿವೆಯೆನ್ನಿ. ಪ್ರತಿ ದನವು ದಿನಕ್ಕೆ 4 ಕಿಲೋ ಒಣ ಮೇವಿನಷ್ಟನ್ನು ಗೋಮಾಳದಲ್ಲಿ ಮೇದು ಬರುತ್ತದೆಂದೂ, ವರ್ಷದಲ್ಲಿ 120 ದಿನ ಮಾತ್ರ ಹೀಗೆ ಮೇಯುತ್ತದೆಂದೂ ಇಟ್ಟುಕೊಳ್ಳಿ. ಆಗ ವರ್ಷಕ್ಕೆ 48,000 ಕಿಲೋ ಮೇವಾಯಿತು. ಗೋಮಾಳ ಹೋದರೆ ಇಷ್ಟನ್ನೂ ಕೊಳ್ಳಬೇಕು, ಇಲ್ಲವೆ ದನಗಳನ್ನು ಮಾರಬೇಕು. ನಿಮ್ಮ ಪೇಟೆಯಲ್ಲಿ ಒಣ ಹುಲ್ಲಿಗೆ ಇರುವ ಬೆಲೆಯಿಂದ ಇದನ್ನು ಗುಣಿಸಿ ನೋಡಿರಿ. ಪಾಳೆಂದು ಕರೆಸಿಕೊಂಡ ಭೂಮಿಯು ಪ್ರತಿ ವರ್ಷವೂ ಸದ್ದಿಲ್ಲದೆ ಊರಿಗೆ ಕೊಡುತ್ತಿದ್ದ ಹಣ ಅದು. ಸ್ವಂತ ಜಮೀನಿಲ್ಲದೆ ನಾಲ್ಕು ಕುರಿ, ಒಂದು ಹಸು ಸಾಕಿಕೊಂಡ ಮನೆಗೆ ಈ ನಷ್ಟ ಎಲ್ಲರಿಗಿಂತ ಮೊದಲು ತಟ್ಟುತ್ತದೆ.

ಎರಡನೆಯದು ನೀರು. ಒಂದು ಎಕರೆಯ ಮೇಲೆ ಒಂದು ಅಂಗುಲ ಮಳೆ ಬಿದ್ದರೆ ಅದು ಸುಮಾರು 1 ಲಕ್ಷ ಲೀಟರ್ ನೀರು. ಈ ನೀರು ಇಂಗುವುದೋ, ಕೊಚ್ಚಿಕೊಂಡು ಹೋಗುವುದೋ ಎಂಬುದು ಮೇಲಿರುವ ಹೊದಿಕೆಯನ್ನು ಅವಲಂಬಿಸಿದೆ. ಇದನ್ನು ನೀವೇ ಪರೀಕ್ಷಿಸಬಹುದು. ಹುಲ್ಲು ದಟ್ಟವಾಗಿರುವ ಕಡೆ ಒಂದು ಕೊಡ ನೀರನ್ನು ನಿಧಾನವಾಗಿ ಸುರಿಯಿರಿ. ಗಾಡಿ ಓಡಾಡಿ ಗಟ್ಟಿಯಾದ ಬರಿ ನೆಲದ ಮೇಲೆ ಇನ್ನೊಂದು ಕೊಡ ಸುರಿಯಿರಿ. ಯಾವ ನೀರು ಹರಿದು ಓಡಿತು, ಯಾವುದು ನಿಂತು ಇಂಗಿತು ಎಂಬುದನ್ನು ಮಕ್ಕಳಿಗೂ ತೋರಿಸಿರಿ. ಕಾಂಕ್ರೀಟು, ಡಾಂಬರು ಹಾಕಿದ ನೆಲದಲ್ಲಿ ಇಂಗುವ ಮಾತೇ ಇಲ್ಲ. ಮೇಲಿನ ಹುಲ್ಲುಗಾವಲು ಬಡಾವಣೆಯಾದರೆ ಕೆಳಗಿನ ಹೊಲಕ್ಕೆ ಮಳೆಗಾಲದಲ್ಲಿ ಪ್ರವಾಹ, ಬೇಸಗೆಯಲ್ಲಿ ಬತ್ತಿದ ಕೊಳವೆ ಬಾವಿ.

ಮೂರನೆಯದು ಮಣ್ಣು. ಬಹುವಾರ್ಷಿಕ ಹುಲ್ಲಿನ ಒಂದು ಬುಡವನ್ನು ಬೇರುಸಹಿತ ಕಿತ್ತು ನೋಡಿರಿ. ದಾರದ ಉಂಡೆಯಂತೆ ಬೇರುಗಳು ಮಣ್ಣನ್ನು ಹಿಡಿದಿರುತ್ತವೆ. ಹುಲ್ಲಿನ ಜೀವ ಇರುವುದು ನೆಲದ ಕೆಳಗೆ. ಅದರಿಂದಲೇ ಮೇಲೆ ಒಣಗಿದರೂ, ಮೇದರೂ, ಮೊದಲ ಮಳೆಗೆ ಮತ್ತೆ ಚಿಗುರುತ್ತದೆ. ಗಾಳಿಯಿಂದ ಹೀರಿದ ಇಂಗಾಲವನ್ನು ಹುಲ್ಲುಗಾವಲು ಬಹುಮಟ್ಟಿಗೆ ಮಣ್ಣಿನೊಳಗೇ ಕೂಡಿಡುತ್ತದೆ. ಈ ಮಣ್ಣನ್ನು ಒಮ್ಮೆ ಯಂತ್ರದಿಂದ ತಿರುವಿ ಹಾಕಿದರೆ ಹಳೆಯ ಹುಲ್ಲು ಮರಳಿ ಬರಲು ಹತ್ತಾರು ವರ್ಷಗಳೇ ಬೇಕು. ಆ ಜಾಗಕ್ಕೆ ಮೊದಲು ಬರುವುದು ಪಾರ್ಥೇನಿಯಂ ಕಳೆ.

ನಾಲ್ಕನೆಯದು ಬೆಳೆಯ ರಕ್ಷಣೆ. ಗೌಜಲ, ಟಿಟ್ಟಿಭ, ಬಾನಾಡಿ ಮೊದಲಾದ ಹಕ್ಕಿಗಳು ಹುಲ್ಲಿನ ನಡುವೆ ನೆಲದ ಮೇಲೆಯೇ ಮೊಟ್ಟೆಯಿಡುತ್ತವೆ. ಚಳಿಗಾಲದಲ್ಲಿ ಮಧ್ಯ ಏಷ್ಯದ ಕಡೆಯಿಂದ ಹಾರಿಬರುವ ಒಂದು ಜಾತಿಯ ಗಿಡುಗಗಳು ಬಯಲಿನ ಹುಲ್ಲಿನಲ್ಲಿ ನೆಲದ ಮೇಲೆ ರಾತ್ರಿ ತಂಗಿ, ಹಗಲು ಮಿಡತೆ, ಇಲಿಗಳನ್ನು ಹಿಡಿದು ತಿನ್ನುತ್ತವೆ. ಇವು ನಿಮ್ಮ ಹೊಲಕ್ಕೆ ಕೂಲಿಯಿಲ್ಲದೆ ದುಡಿಯುವ ಕಾವಲುಗಾರರು. ಮರದ ತೋಪು ಬೆಳೆಸಿಕೊಟ್ಟರೆ ಇವುಗಳಿಗೆ ಆಗುವುದಿಲ್ಲ, ಬಯಲೇ ಬೇಕು.

ಹೆಸರಘಟ್ಟದಿಂದ ಕಲಿಯತಕ್ಕದ್ದು

ಬೆಂಗಳೂರಿನ ವಾಯುವ್ಯದಲ್ಲಿರುವ ಹೆಸರಘಟ್ಟವನ್ನು ನೋಡೋಣ. ನಂದಿ ಬೆಟ್ಟದ ಕಡೆಯಿಂದ ಇಳಿದು ಬರುವ ಅರ್ಕಾವತಿಗೆ 1894ರಲ್ಲಿ, ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, ಇಲ್ಲಿ ಕಟ್ಟೆ ಕಟ್ಟಿ ಬೆಂಗಳೂರಿಗೆ ಕುಡಿಯುವ ನೀರನ್ನು ಒಯ್ದರು. ಅದು ಸಾಲದಾದಾಗ 1933ರಲ್ಲಿ ಅದೇ ನದಿಯ ಕೆಳಭಾಗದಲ್ಲಿ ತಿಪ್ಪಗೊಂಡನಹಳ್ಳಿಯ ಜಲಾಶಯವಾಯಿತು. ಹೆಸರಘಟ್ಟದ ಕೆರೆಯ ಸುತ್ತಣ ವಿಸ್ತಾರವಾದ ಬಯಲು ಬಹುಪಾಲು ಪಶುಸಂಗೋಪನೆಗೆ ಸೇರಿದ ಭೂಮಿ. ಜಾನುವಾರು ತಳಿ ಕೇಂದ್ರಗಳು ಅಲ್ಲಿದ್ದುದರಿಂದಲೇ ಆ ಹುಲ್ಲು ಇಷ್ಟು ಕಾಲ ಉಳಿದುಕೊಂಡಿತು.

ನಗರವು ಹತ್ತಿರಕ್ಕೆ ಬಂದಂತೆ ಈ ಬಯಲಿಗೆ ಬೇಡಿಕೆ ಹೆಚ್ಚಿತು. ಚಿತ್ರನಗರಿ ಕಟ್ಟುವ ಮಾತು ಬಂದಿತು, ಬೇರೆ ಬೇರೆ ಯೋಜನೆಗಳ ಮಾತೂ ಬಂದಿತು. ಇನ್ನೊಂದು ಕಡೆ, ಸುಮಾರು 5 ಸಾವಿರ ಎಕರೆಯನ್ನು “ಸಂರಕ್ಷಣಾ ಮೀಸಲು” ಎಂದು ಘೋಷಿಸಬೇಕೆಂಬ ಸಲಹೆಯೂ ಬಂದಿತು. ರಾಜ್ಯ ವನ್ಯಜೀವಿ ಮಂಡಳಿಯು 2021ರ ಜನವರಿಯಲ್ಲಿ ಈ ಸಲಹೆಯನ್ನು ಒಪ್ಪಲಿಲ್ಲ. ವಿಷಯವು ಹೈಕೋರ್ಟಿನ ಮುಂದೆಯೂ ಹೋಯಿತು. ಕೊನೆಗೆ 2024ರ ಅಕ್ಟೋಬರಿನಲ್ಲಿ ಮಂಡಳಿಯು ಸಮ್ಮತಿ ನೀಡಿತು.

ಮೊದಲು ವಿರೋಧ ಬಂದುದಕ್ಕೆ ಒಂದು ಕಾರಣವನ್ನು ನಾವು ಗಮನಿಸಬೇಕು. “ಮೀಸಲು ಮಾಡಿದರೆ ನಮ್ಮ ದನ ಒಳಗೆ ಹೋಗಬಹುದೆ? ನಮ್ಮ ಪಟ್ಟಾ ಜಮೀನಿಗೆ ತೊಡಕಾಗುವುದೆ?” ಎಂಬ ಅಂಜಿಕೆ ಸುತ್ತಣ ಹಳ್ಳಿಗಳಲ್ಲಿತ್ತು. ಈ ಅಂಜಿಕೆ ಹುಸಿಯೆಂದು ತಳ್ಳಿಹಾಕತಕ್ಕದ್ದಲ್ಲ. ಬೇಲಿ ಹಾಕಿ ರೈತನನ್ನು ಹೊರಗಿಟ್ಟ ಉದಾಹರಣೆಗಳನ್ನು ಜನ ಕಂಡಿದ್ದಾರೆ. ಆದರೆ ಕಾನೂನು ಏನು ಹೇಳುತ್ತದೆಂಬುದನ್ನು ತಿಳಿದು ಮಾತನಾಡುವುದು ಒಳ್ಳೆಯದು. ವನ್ಯಜೀವಿ ರಕ್ಷಣಾ ಕಾಯಿದೆಗೆ 2002ರಲ್ಲಿ ಆದ ತಿದ್ದುಪಡಿಯಿಂದ “ಸಂರಕ್ಷಣಾ ಮೀಸಲು” ಎಂಬ ಬಗೆ ಹುಟ್ಟಿತು. ಇದನ್ನು ಸರ್ಕಾರದ ಒಡೆತನದ ಭೂಮಿಯಲ್ಲಿ, ಸ್ಥಳೀಯ ಜನರೊಡನೆ ಸಮಾಲೋಚಿಸಿ ಮಾಡಬೇಕು. ಅದರ ನಿರ್ವಹಣೆಗೆ ಸಲಹೆ ಕೊಡುವ ಸಮಿತಿಯಲ್ಲಿ ಅದು ಯಾವ ಯಾವ ಗ್ರಾಮ ಪಂಚಾಯಿತಿಗಳ ವ್ಯಾಪ್ತಿಗೆ ಬರುವುದೋ ಆ ಪ್ರತಿಯೊಂದು ಪಂಚಾಯಿತಿಯ ಪ್ರತಿನಿಧಿಯೂ ಇರಬೇಕು. ಕೃಷಿ ಮತ್ತು ಪಶುಸಂಗೋಪನಾ ಇಲಾಖೆಯವರೂ ಇರಬೇಕು. ಬೆಂಕಿ ಹಚ್ಚುವುದು, ವಿಷ ಮತ್ತು ಸ್ಫೋಟಕಗಳ ಬಳಕೆ ಇಲ್ಲಿ ನಿಷಿದ್ಧ. ಹೀಗಿರುವಲ್ಲಿ, ಆ ಸಮಿತಿಯ ಕುರ್ಚಿಯಲ್ಲಿ ಕುಳಿತು ಮೇವಿನ ಮಾತನ್ನು ಆಡುವವರು ನಮ್ಮ ಊರಿನವರೇ ಆಗಬೇಕು. ಕುರ್ಚಿ ಖಾಲಿ ಬಿಟ್ಟರೆ ನಮ್ಮ ಪರವಾಗಿ ಬೇರೆಯವರು ತೀರ್ಮಾನಿಸುತ್ತಾರೆ.

ನಮ್ಮ ರಾಜ್ಯದಲ್ಲಿ ಇಂಥ ಮೀಸಲುಗಳು ಹೊಸತಲ್ಲ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಬಳಿ ಸುಮಾರು 798 ಎಕರೆ ಬಯಲನ್ನು ಕೃಷ್ಣಮೃಗಗಳಿಗಾಗಿ 2007ರಲ್ಲಿ ಜಯಮಂಗಲಿ ಸಂರಕ್ಷಣಾ ಮೀಸಲೆಂದು ಘೋಷಿಸಿದರು. ಕಡೂರು ತಾಲ್ಲೂಕಿನ ಬಾಸೂರು ಅಮೃತ ಮಹಲ್ ಕಾವಲು 2011ರಲ್ಲಿ ಮೀಸಲಾಯಿತು.

ತಡವಾದರೆ ಆಗುವುದೇನು?

ಎರಡು ಉದಾಹರಣೆಗಳನ್ನು ಹೇಳುತ್ತೇವೆ. ಒಂದು ನಮ್ಮದು, ಒಂದು ದೂರದ್ದು.

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ತಾಲ್ಲೂಕಿನಲ್ಲಿ 2008ರಿಂದ ಕೆಲವು ವರ್ಷಗಳಲ್ಲಿ ಸುಮಾರು 10 ಸಾವಿರ ಎಕರೆಯಷ್ಟು ಅಮೃತ ಮಹಲ್ ಕಾವಲನ್ನು ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳಿಗೂ ಇತರ ಯೋಜನೆಗಳಿಗೂ ಹಂಚಲಾಯಿತು. ದೇಶಕ್ಕೆ ಅಂಥ ಸಂಸ್ಥೆಗಳು ಬೇಕೆಂಬುದರಲ್ಲಿ ಸಂಶಯವಿಲ್ಲ. ಆದರೆ ಗೋಡೆ ಏಳುವವರೆಗೂ ತಮಗೆ ವಿಷಯವೇ ತಿಳಿದಿರಲಿಲ್ಲವೆಂದು ಸುತ್ತಣ ಹಲವು ಹಳ್ಳಿಯವರು ಹೇಳಿದರು. ಕುರಿ ಕಾಯುವವರು, ಕಂಬಳಿ ನೇಯುವವರು ಆ ಬಯಲನ್ನು ನಂಬಿದ್ದರು. ವ್ಯಾಜ್ಯವು ರಾಷ್ಟ್ರೀಯ ಹಸಿರು ನ್ಯಾಯಾಧಿಕರಣಕ್ಕೆ ಹೋಗಿ 2014ರಲ್ಲಿ ತೀರ್ಪಾಯಿತು. ಭೂಮಿಯನ್ನು ಹಂಚಿದ ಮೇಲೆ ನಡೆದ ಮಾತು ಅದು. ಹಂಚುವ ಮೊದಲು ಊರೂರಿನ ಸಭೆಯಲ್ಲಿ ನಡೆಯಬೇಕಾಗಿತ್ತು.

ಆಸ್ಟ್ರೇಲಿಯ ದೇಶದ ಮೆಲ್ಬರ್ನ್ ನಗರದ ಪಶ್ಚಿಮಕ್ಕೂ ಇಂಥದೇ ಹುಲ್ಲಿನ ಬಯಲುಗಳಿದ್ದುವು. ನಗರವನ್ನು ಬೆಳೆಯಗೊಡಿಸಿ, ಕಟ್ಟಡದವರಿಂದ ಶುಲ್ಕ ಪಡೆದು, ಆ ಹಣದಿಂದ ಬೇರೆ ಕಡೆ 15 ಸಾವಿರ ಹೆಕ್ಟೇರು ಹುಲ್ಲುಗಾವಲನ್ನು 2020ರೊಳಗೆ ಕೊಂಡು ಕಾಪಾಡುವುದೆಂದು ಅಲ್ಲಿನ ಸರ್ಕಾರವು 2010ರ ಸುಮಾರಿಗೆ ಯೋಜನೆ ಹಾಕಿತು. ಯೋಜನೆ ಕಾಗದದ ಮೇಲೆ ಚೆನ್ನಾಗಿತ್ತು. ಆದರೆ ಅಲ್ಲಿಯ ಮಹಾಲೆಕ್ಕಪರಿಶೋಧಕರು 2020ರಲ್ಲಿ ಪರಿಶೀಲಿಸಿದಾಗ ಕೊಂಡಿದ್ದುದು ಹತ್ತರಲ್ಲಿ ಒಂದು ಪಾಲಿನಷ್ಟು ಮಾತ್ರ. ಮನೆಗಳು ವೇಗವಾಗಿ ಎದ್ದುವು, ಭೂಮಿಯ ಬೆಲೆ ಏರಿತು, ಕೊಳ್ಳುವ ಕೆಲಸ ಹಿಂದೆ ಬಿದ್ದಿತು. “ಮೊದಲು ಕಟ್ಟೋಣ, ಆಮೇಲೆ ಉಳಿಸೋಣ” ಎಂಬ ಮಾತಿಗೆ ಇದೇ ಗತಿ. ಮೊದಲು ಉಳಿಸತಕ್ಕದ್ದನ್ನು ಗುರುತಿಸಿ, ಆಮೇಲೆ ಕಟ್ಟಬೇಕು.

ಹಾಗಾದರೆ ಬೆಳವಣಿಗೆ ಬೇಡವೆ?

ಬೇಕು. ನಿವೇಶನವಿಲ್ಲದ ಕುಟುಂಬಗಳಿಗೆ ಮನೆ ಬೇಕು. ಹೈಸ್ಕೂಲು, ಆಸ್ಪತ್ರೆ, ಹಾಲಿನ ಡೇರಿ, ಬಸ್ಸಿನ ರಸ್ತೆ ಬೇಕು. ಪಟ್ಟಣ ಹತ್ತಿರ ಬಂದರೆ ನಮ್ಮ ತರಕಾರಿಗೆ, ಹೂವಿಗೆ, ಮಕ್ಕಳ ಕೆಲಸಕ್ಕೆ ಅನುಕೂಲವೂ ಉಂಟು. ಇವೆಲ್ಲ ಎಲ್ಲಿ ಬರಬೇಕು, ಎಷ್ಟು ಬರಬೇಕು ಎಂಬುದರಲ್ಲಿ ವಿವೇಕ ಬೇಕು. ಈ ಸೂತ್ರಗಳನ್ನು ನೆನಪಿಡಿರಿ:

1. ಕೆಟ್ಟ ನೆಲವನ್ನು ಮೊದಲು ಬಳಸಿರಿ. ಹಳೆಯ ಕಲ್ಲುಗಣಿ, ಮಣ್ಣು ತೆಗೆದ ಹಳ್ಳ, ಬಳ್ಳಾರಿ ಜಾಲಿ ಮುತ್ತಿದ ಅಂಚು, ಈಗಾಗಲೇ ಉತ್ತು ಬಿಟ್ಟ ಜಾಗ, ರಸ್ತೆಯ ಪಕ್ಕದ ತುಂಡು ಇವುಗಳಲ್ಲಿ ಕಟ್ಟಡ ಬರಲಿ. ಎಂದೂ ಉಳದ ಹಳೆಯ ಹುಲ್ಲು ನೆಲ ಉಳಿಯಲಿ.

2. ಒಂದೇ ಅಂಚಿನಲ್ಲಿ ಕಟ್ಟಿರಿ, ನಡುವೆ ಕಟ್ಟಬೇಡಿರಿ. 100 ಎಕರೆಯಲ್ಲಿ 10 ಎಕರೆಯನ್ನು ಒಂದು ಮೂಲೆಯಲ್ಲಿ ಕೊಟ್ಟರೆ 90 ಎಕರೆ ಒಟ್ಟಿಗೆ ಉಳಿಯುತ್ತದೆ. ಅದೇ 10 ಎಕರೆಯನ್ನು ಹತ್ತು ಕಡೆ ಕೊಟ್ಟರೆ ರಸ್ತೆ, ಬೇಲಿ, ದೀಪ, ನಾಯಿಗಳು ಸೇರಿ ಉಳಿದುದೂ ಕೆಡುತ್ತದೆ. ದನದ ದಾರಿಯೂ ಕಡಿಯುತ್ತದೆ.

3. ಕೆರೆಗೆ ನೀರು ಇಳಿಯುವ ಇಳಿಜಾರನ್ನೂ ಹಳ್ಳದ ಎರಡು ದಡಗಳನ್ನೂ ಮುಟ್ಟಬೇಡಿರಿ.

4. ಒಂದು ಹುಲ್ಲುಗಾವಲಿನಿಂದ ಇನ್ನೊಂದಕ್ಕೆ, ಊರಿನಿಂದ ಹುಲ್ಲುಗಾವಲಿಗೆ ದನದ ಓಣಿಯನ್ನು ನಕ್ಷೆಯಲ್ಲಿ ಕಾಣಿಸಿರಿ. ಓಣಿ ಮುಚ್ಚಿದ ಮೇಲೆ ಗೋಮಾಳವಿದ್ದೂ ಪ್ರಯೋಜನವಿಲ್ಲ.

5. ಬಡಾವಣೆಯ ಚರಂಡಿ ನೀರೂ ಕಸವೂ ಹುಲ್ಲಿಗೆ ಬರದಂತೆ ಮೊದಲೇ ಷರತ್ತು ಹಾಕಿಸಿರಿ.

ಹಳೆಯ ಹುಲ್ಲು ನೆಲವನ್ನು ಗುರುತಿಸುವುದು ಹೇಗೆ? ಅಕ್ಟೋಬರ್ ತಿಂಗಳಿನಲ್ಲಿ ಹಿರಿಯ ದನಗಾಹಿಯೊಬ್ಬರನ್ನು ಕರೆದುಕೊಂಡು ನಡೆದು ನೋಡಿರಿ. ಬುಡಬುಡವಾಗಿ ಬೆಳೆದ ನಾಲ್ಕಾರು ಬಗೆಯ ಹುಲ್ಲು, ನಡುವೆ ಸಣ್ಣ ಹೂವಿನ ಗಿಡಗಳು, ಬಟ್ಟೆಗೆ ಚುಚ್ಚಿಕೊಳ್ಳುವ ಹುಲ್ಲಿನ ಬೀಜ, ಅಲ್ಲೊಂದು ಇಲ್ಲೊಂದು ತಂಗಡಿ ಅಥವಾ ಈಚಲು, ನೆಲದಿಂದ ಹಾರುವ ಹಕ್ಕಿ ಇವೆಲ್ಲ ಇದ್ದರೆ ಅದು ಹಳೆಯ ಹುಲ್ಲುಗಾವಲು. ಬರೀ ಪಾರ್ಥೇನಿಯಂ, ಲಾಂಟಾನ, ಜಾಲಿ ತುಂಬಿದ್ದರೆ ಅದು ಕೆಟ್ಟ ನೆಲ.

ಕಾಪಾಡಿಕೊಳ್ಳುವ ಬಗೆ

ಉಳಿಸಿದ ಹುಲ್ಲನ್ನು ನೋಡಿಕೊಳ್ಳದಿದ್ದರೆ ಅದೂ ಕೆಡುತ್ತದೆ. ಆಗ “ಪಾಳು” ಎಂದವರ ಮಾತೇ ನಿಜವಾಗುತ್ತದೆ.

ಹುಲ್ಲುಗಾವಲನ್ನು ನಾಲ್ಕು ಭಾಗ ಮಾಡಿರಿ. ಪ್ರತಿ ವರ್ಷ ಸರದಿಯಂತೆ ಒಂದು ಭಾಗಕ್ಕೆ ಮುಂಗಾರಿನಿಂದ ಬೀಜ ಉದುರುವವರೆಗೆ ದನ ಬಿಡಬೇಡಿರಿ. ಬೀಜ ಉದುರಿದ ಮೇಲೆ ಆ ಭಾಗದ ಹುಲ್ಲನ್ನು ಕೊಯ್ದು ಹಂಚಿಕೊಳ್ಳಬಹುದು, ಮೇಯಿಸಲೂಬಹುದು. ನಾಲ್ಕು ವರ್ಷಕ್ಕೆ ಎಲ್ಲ ಭಾಗಗಳೂ ಒಮ್ಮೆ ಚೇತರಿಸಿಕೊಳ್ಳುತ್ತವೆ.

ಲಾಂಟಾನ, ಬಳ್ಳಾರಿ ಜಾಲಿಗಳನ್ನು ಕಾಯಿ ಬಲಿಯುವ ಮೊದಲು ಬೇರುಸಹಿತ ಕೀಳಬೇಕು. ಊರಿನ ಯುವಕರು ವರ್ಷಕ್ಕೆ ಎರಡು ದಿನ ಶ್ರಮದಾನ ಮಾಡಿದರೆ ಬಹಳ ಕೆಲಸವಾಗುತ್ತದೆ.

ಹುಲ್ಲುಗಾವಲಿನಲ್ಲಿ ಗಿಡ ನೆಡಬೇಡಿರಿ. ಈ ಮಾತು ವಿಚಿತ್ರವೆನಿಸಬಹುದು. ಮರ ಒಳ್ಳೆಯದೇ, ಆದರೆ ಮನೆಯ ಹಿತ್ತಲು, ಬದು, ಶಾಲೆಯ ಅಂಗಳ, ರಸ್ತೆಯ ಅಂಚು ಅದಕ್ಕೆ ತಕ್ಕ ಜಾಗ. ಬಯಲಿನಲ್ಲಿ ಸಾಲಾಗಿ ನೀಲಗಿರಿ, ಅಕೇಶಿಯ ನೆಟ್ಟ ಕಡೆ ಕೆಳಗಿನ ಹುಲ್ಲು ಸೊರಗಿತು. ನೀಲಗಿರಿಯನ್ನು ಹೊಸದಾಗಿ ನೆಡುವುದನ್ನು ನಮ್ಮ ರಾಜ್ಯ ಸರ್ಕಾರವೇ 2017ರಲ್ಲಿ ನಿಷೇಧಿಸಿತು. ಇದರಂತೆಯೇ ಇಂಗುಗುಂಡಿಯ ಹೆಸರಿನಲ್ಲಿ ಹುಲ್ಲು ನೆಲವನ್ನೆಲ್ಲ ಯಂತ್ರದಿಂದ ಅಗೆಯುವುದೂ ತಪ್ಪು.

ಕಾಗದಪತ್ರ ನೋಡಿಕೊಳ್ಳಿರಿ

ಕರ್ನಾಟಕ ಭೂಕಂದಾಯ ನಿಯಮಗಳು, 1966, ಇವುಗಳ 97ನೆಯ ನಿಯಮದಂತೆ ಪ್ರತಿ 100 ಜಾನುವಾರುಗಳಿಗೆ 12 ಹೆಕ್ಟೇರು, ಎಂದರೆ ಸುಮಾರು 30 ಎಕರೆ ಸರ್ಕಾರಿ ಭೂಮಿಯನ್ನು ಉಚಿತ ಹುಲ್ಲುಗಾವಲಾಗಿ ಬಿಡಬೇಕು. ನಿಮ್ಮ ಊರಿನಲ್ಲಿ 200 ಜಾನುವಾರುಗಳಿದ್ದರೆ 60 ಎಕರೆಯಾಯಿತು. ಹೆಚ್ಚುವರಿ ಗೋಮಾಳವೆಂದು ಹೇಳಿ ಬೇರೆ ಕೆಲಸಕ್ಕೆ ಕೊಡುವಾಗ ಈ ಲೆಕ್ಕವನ್ನೇ ನೋಡುತ್ತಾರೆ. ಅದರಿಂದ ಜಾನುವಾರು ಗಣತಿಗೆ ಬಂದಾಗ ಕುರಿ, ಮೇಕೆ, ಕರುಗಳನ್ನು ಬಿಡದೆ ಬರೆಸಿರಿ. ಸೋಮಾರಿತನದಿಂದ ಬಿಟ್ಟ ಒಂದೊಂದು ತಲೆಯೂ ಊರಿನ ಭೂಮಿಯನ್ನು ಕಡಿಮೆ ಮಾಡುತ್ತದೆ.

ಸುಪ್ರೀಂ ಕೋರ್ಟು 2011ರ ಜನವರಿ 28ರಂದು, ಪಂಜಾಬಿನ ಒಂದು ಹಳ್ಳಿಯ ಕೆರೆಗೆ ಸಂಬಂಧಿಸಿದ ಮೊಕದ್ದಮೆಯಲ್ಲಿ, ಊರಿನ ಸಾಮೂಹಿಕ ಭೂಮಿಗಳ ಒತ್ತುವರಿಯನ್ನು ತೆರವುಗೊಳಿಸಿ ಊರಿಗೆ ಮರಳಿಸಬೇಕೆಂದು ಎಲ್ಲ ರಾಜ್ಯಗಳಿಗೂ ಆದೇಶಿಸಿತು. ಭೂರಹಿತ ಕೂಲಿಗಾರರಿಗೆ, ಪರಿಶಿಷ್ಟ ಜಾತಿ, ಪಂಗಡಗಳವರಿಗೆ ಸರ್ಕಾರದ ಆಜ್ಞೆಯಂತೆ ಕೊಟ್ಟುದು, ಮೊದಲೇ ಇರುವ ಶಾಲೆ, ಔಷಧಾಲಯ ಇಂಥವುಗಳಿಗೆ ಮಾತ್ರ ವಿನಾಯಿತಿಗೆ ಅವಕಾಶವಿತ್ತಿತು. ಬಡವನ ಗುಡಿಸಲಿಗೂ ಬಲ್ಲಿದನ ಬೇಲಿಗೂ ಇರುವ ವ್ಯತ್ಯಾಸವನ್ನು ನಾವೂ ಗಮನದಲ್ಲಿಟ್ಟುಕೊಳ್ಳಬೇಕು.

ಜೀವವೈವಿಧ್ಯ ಕಾಯಿದೆ, 2002, ಇದರಂತೆ ಪ್ರತಿ ಪಂಚಾಯಿತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಅದು ಜನತಾ ಜೀವವೈವಿಧ್ಯ ದಾಖಲೆಯನ್ನು ಬರೆಯಬೇಕು. ನಿಮ್ಮ ಹುಲ್ಲುಗಾವಲಿನ ಹುಲ್ಲು, ಹಕ್ಕಿ, ಗಿಡಮೂಲಿಕೆಗಳನ್ನು ಊರಿನ ಹೆಸರುಗಳಲ್ಲಿಯೇ ಆ ಪುಸ್ತಕಕ್ಕೆ ಸೇರಿಸಿರಿ. ದಾಖಲೆಯಲ್ಲಿ ಹೆಸರಿರುವ ಭೂಮಿಯನ್ನು ಪಾಳೆಂದು ಕರೆಯುವುದು ಸುಲಭವಲ್ಲ.

ಗ್ರಾಮಸಭೆಯಲ್ಲಿ ಚರ್ಚಿಸಲು

1. ನಮ್ಮ ಊರಿನ ಗೋಮಾಳ ಪಹಣಿಯಲ್ಲಿ ಎಷ್ಟು ಎಕರೆ? ನೆಲದ ಮೇಲೆ ಎಷ್ಟು ಉಳಿದಿದೆ?

2. ಊರಿನ ಜಾನುವಾರುಗಳೆಷ್ಟು? ನಿಯಮದಂತೆ ಎಷ್ಟು ಹುಲ್ಲುಗಾವಲು ಬೇಕು?

3. ನಮ್ಮ ಕೆರೆಗೆ ನೀರು ಯಾವ ಬಯಲಿನಿಂದ ಬರುತ್ತದೆ? ಅಲ್ಲಿ ಏನು ಕಟ್ಟುವ ಮಾತಿದೆ?

4. ನಿವೇಶನಗಳಿಗೂ ಶಾಲೆಗೂ ತಕ್ಕ ಕೆಟ್ಟ ನೆಲ ಎಲ್ಲಿದೆ?

ಈ ನಾಲ್ಕು ಪ್ರಶ್ನೆಗಳಿಗೆ ಉತ್ತರ ಬರೆದು ಸಭೆಯ ನಡವಳಿ ಪುಸ್ತಕದಲ್ಲಿ ಸೇರಿಸಿರಿ. ನಾಳೆ ಯಾರಾದರೂ ನಕ್ಷೆ ಹಿಡಿದು ಬಂದಾಗ ನಿಮ್ಮ ಕೈಯಲ್ಲಿಯೂ ಒಂದು ನಕ್ಷೆ ಇರುತ್ತದೆ.

ಹುಲ್ಲುಗಾವಲುಗಳ ಮತ್ತು ಪಶುಪಾಲಕರ ಅಂತರರಾಷ್ಟ್ರೀಯ ವರ್ಷವೆಂದು ವಿಶ್ವಸಂಸ್ಥೆಯು 2026ನೇ ವರ್ಷವನ್ನು ಹೆಸರಿಸಿತು. ಲೋಕವೇ ಈಗ ಗಮನಿಸುತ್ತಿರುವ ಈ ಸಂಪತ್ತನ್ನು ನಮ್ಮ ಹಿರಿಯರು ಯಾರೂ ಹೇಳದೆಯೇ ಕಾಯ್ದು ನಮಗೆ ಕೊಟ್ಟರು. ಮಾರಿದ ಹೊಲವನ್ನು ದುಡಿದು ಮತ್ತೆ ಕೊಳ್ಳಬಹುದು. ಕಾಂಕ್ರೀಟಿನ ಕೆಳಗೆ ಹೋದ ಗೋಮಾಳವನ್ನು ಯಾವ ಹಣದಿಂದಲೂ ಕೊಳ್ಳಲಾಗದು. ಮಿಂಚಿಹೋದ ಕಾರ್ಯಕ್ಕೆ ಚಿಂತಿಸಿ ಫಲವಿಲ್ಲ. ಮಿಂಚುವ ಮೊದಲೇ ಊರು ಒಟ್ಟಾಗಿ ಕುಳಿತು ತೀರ್ಮಾನಿಸಲಿ.